ಗೋವಾದ ಹುಳ

ನರಗುಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿಜಾಮುದ್ದೀನ ನದಾಫನ ಗಾದಿ ಅಂಗಡಿ, ಅಂಗಡಿಗೆ ಹತ್ತಿಕೊಂಡೇ ಮನೆ. ಮುಂದೆ ಅರಳೆ ಹಿಂಜುವ ಮಶೀನು ತಿರುಗಿದರೆ ಒಳಗಿನ ಸಾರಿನ ಪಾತ್ರೆಯ ಮೇಲೂ ಬಿಳಿ ಎಳೆ ಬಂದು ಕೂಡುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಎಲ್ಲಕ್ಕೂ ಮುಚ್ಚಳ. ಮುಚ್ಚಳ ಮರೆತರೆ ನಿಜಾಮುದ್ದೀನನ ತಾಯಿ ಕಾಶೀಂಬಿ, "ನಿಮ್ಮ ಯಾವಗಲ್ಲಾಗ ಹಿಂಗ ಉಣ್ತಿದ್ರೇನು?" ಎಂದು ಸೊಸೆಯನ್ನು ಕೇಳುತ್ತಿದ್ದಳು. ಯಾವಗಲ್ ಸೊಸೆ ಸೈರಾಬಾನುವಿನ ತವರು. ಹನ್ನೊಂದು ವರ್ಷದಲ್ಲಿ ಅವಳು ಆ ಮಾತಿಗೆ ಒಮ್ಮೆಯೂ ಎದುರು ಹೇಳಿರಲಿಲ್ಲ.

2007ರ ಜನವರಿಯಲ್ಲಿ ನಿಜಾಮುದ್ದೀನನ ತಮ್ಮ ಆಶಿಕ ಗೋವಾ ಬಿಟ್ಟು ಊರಿಗೆ ಬಂದ. ಅಲ್ಲಿ ಆರು ವರ್ಷ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದಿದ್ದ. ಗಜೇಂದ್ರಗಡದಲ್ಲಿ ಬಳೆ ಅಂಗಡಿ ಇಟ್ಟಿದ್ದ ಮೋದಿನಸಾಬನ ಮಗಳು ಜೈತುನಬಿಯ ಜೊತೆ ಅವನ ಸಂಬಂಧ ಗಟ್ಟಿಯಾಗಿತ್ತು. ಏಪ್ರಿಲಿನಲ್ಲಿ ನಿಕಾಹ. ಇನ್ನು ಅಣ್ಣನ ಜೊತೆ ಗಾದಿ ಹೊಲಿಯುತ್ತ ಊರಲ್ಲೇ ಇರುತ್ತೇನೆ ಎಂದು ಟ್ರಂಕು ಸಮೇತ ಬಂದಿದ್ದ.

ಅವನು ಬಂದ ಮೇಲೆ ಶುಕ್ರವಾರದ ಅಡುಗೆ ಅವನದಾಯಿತು. ಅವನು ಉಳ್ಳಾಗಡ್ಡಿ ಹೆಚ್ಚುವ ವೇಗ ನೋಡಲು ಅಣ್ಣನ ಮಕ್ಕಳಿಬ್ಬರೂ ಒಲೆಯ ಮುಂದೆ ಕೂಡುತ್ತಿದ್ದರು. ಅಲ್ತಮಶನಿಗೆ ಐದು ವರ್ಷ. ಸಿಮ್ರಾನಳಿಗೆ ಒಂಬತ್ತು; ದುಂಡು ಮುಖದ, ಗಿಡ್ಡ ಹುಡುಗಿ. ತಮ್ಮ ಇನ್ನೆರಡು ವರ್ಷದಲ್ಲಿ ಎತ್ತರದಲ್ಲಿ ಅವಳನ್ನು ಮೀರಿಸುವ ಹಾಗಿದ್ದ. ಅವಳ ಹಲ್ಲು ಹುಳುಕು, ಓದಿನಲ್ಲಿ ಹಿಂದೆ. ಬರೆಯುವಾಗ ಒಮ್ಮೊಮ್ಮೆ ಬೆರಳು ಸೆಟೆದು ಪೆನ್ಸಿಲ್ ಜಾರಿ ಬೀಳುತ್ತಿತ್ತು. ಜೋಮು ಹಿಡಿದಿರಬೇಕೆಂದು ಕಾಶೀಂಬಿ ಎಣ್ಣೆ ತಿಕ್ಕುತ್ತಿದ್ದಳು.

ಫೆಬ್ರವರಿಯ ಒಂದು ಶುಕ್ರವಾರ ಎಲ್ಲರೂ ಉಣ್ಣಲು ಕೂತಿದ್ದರು. ಆಶಿಕ ತನ್ನ ತಾಟಿನಿಂದ ಒಂದು ತುತ್ತು ಸಿಮ್ರಾನಳ ಬಾಯಿಗೆ ಇಟ್ಟ. ತುತ್ತು ಬಾಯಲ್ಲಿರುವಾಗಲೇ ಅವಳ ಕಣ್ಣು ಮೇಲೆ ಹೋಯಿತು. ಮೈ ಸೆಟೆಯಿತು, ಕೈಕಾಲು ಬಡಿದುಕೊಳ್ಳತೊಡಗಿದವು. ಎಲ್ಲರಿಗಿಂತ ಮೊದಲು ಎದ್ದವನು ಆಶಿಕ. ಬಾಯೊಳಗೆ ಬೆರಳು ಹಾಕಿ ತುತ್ತು ತೆಗೆದ, ಅವಳನ್ನು ಹೊತ್ತುಕೊಂಡು ಬರಿಗಾಲಲ್ಲೇ ದವಾಖಾನಿಗೆ ಓಡಿದ. ಅವನ ಬೆರಳಿಗೆ ಹುಡುಗಿಯ ಹಲ್ಲು ನಟ್ಟು ರಕ್ತ ಬಂದಿದ್ದನ್ನು ಅವನು ನೋಡಿಕೊಂಡದ್ದು ಆಮೇಲೆ.

ನರಗುಂದದ ಡಾಕ್ಟರು ಗದಗಿಗೆ ಚೀಟಿ ಬರೆದರು. ಗದಗಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ನಿಜಾಮುದ್ದೀನ ಮತ್ತು ಸೈರಾಬಾನು ಡಾಕ್ಟರ ಮುಂದೆ ಕೂತರು. ಡಾಕ್ಟರು ಕರಿಯ ಹಾಳೆಯನ್ನು ಬೆಳಕಿಗೆ ಹಿಡಿದರು.

"ಮೆದುಳಿನಾಗ ಸುಣ್ಣ ಕಟ್ಟೇತಿ. ಇಲ್ಲೆ ಬೆಳ್ಳಗ ಕಾಣತೈತಲ್ಲ, ಇದು. ನಮ್ಮ ಕಡೆ ಮಕ್ಕಳಿಗೆ ಹಿಂಗಾದ್ರ ಹೆಚ್ಚಾಗಿ ಹುಳದಿಂದ. ಹಂದಿಯೊಳಗ ಇರೂ ಲಾಡಿಹುಳ. ಅದು ತಲಿಗೆ ಏರಿ, ಸತ್ತು, ಸುಣ್ಣಾಗಿರ್ತೈತಿ."

ನಿಜಾಮುದ್ದೀನನ ಮುಖ ಕೆಂಪಾಯಿತು. "ಸಾಹೇಬ್ರ, ನಮ್ಮ ಮನ್ಯಾಗ ಅದರ ಹೆಸರೂ ತೊಗೊಳ್ಳೂದಿಲ್ಲ."

"ನಾ ನಿಮಗ ಏನೂ ಅಂದಿಲ್ಲ. ಗುಳಗಿ ತೊಗೊಂಡ ಬರ್ರಿ, ಹ್ಯಾಂಗ ಕೊಡಬೇಕು ಹೇಳ್ತೀನಿ."

ಅವನು ಚೀಟಿ ಹಿಡಿದು ತಲೆ ತಗ್ಗಿಸಿ ಹೊರಗೆ ಹೋದ. ಸೈರಾಬಾನು ಕೂತೇ ಇದ್ದಳು. "ನಾವು ತಿನ್ನೂದಿಲ್ಲ ಅಂದ ಮ್ಯಾಲೆ ಹ್ಯಾಂಗ ಬಂತ್ರಿ?"

"ತಿನ್ನಬೇಕಂತ ಇಲ್ಲವಾ. ಹೊಟ್ಟ್ಯಾಗ ಹುಳ ಇದ್ದಾವ್ರು ಹೊಲದಾಗ ಬಯಲಕಡಿ ಕುಂತ್ರ ಅದರ ತತ್ತಿ ಕಾಯಿಪಲ್ಲೆಕ್ಕ ಹತ್ತತೈತಿ. ಹಸಿ ಮೆಂತ್ಯ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲ ಇವನ್ನ ಬರೋಬ್ಬರಿ ತೊಳೀದ ತಿಂದ್ರ ಸಾಕು. ಕಾಯಿಪಲ್ಲೆ ಬಿಟ್ಟು ಏನೂ ತಿನ್ನದ ಮನಿಯವ್ರಿಗೂ ಬರ್ತೈತಿ. ಯಾರಿಂದ ಅಂತ ಹೇಳಾಕ ಬರೂದಿಲ್ಲ. ಇನ್ನ ಮ್ಯಾಲೆ ಸೊಪ್ಪು ತೊಳಿಯೂದರಾಗ ಹುಷಾರಿರು."

ದಿನವೂ ರೊಟ್ಟಿಯ ಜೊತೆ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲ ಇರುವ ಮನೆ. ತೊಳೆಯುವವಳು ಸೈರಾಬಾನು. ನೀರು ಎರಡು ದಿನಕ್ಕೊಮ್ಮೆ ಬರುತ್ತಿದ್ದುದರಿಂದ ಒಂದೇ ಬೋಗುಣಿ ನೀರಿನಲ್ಲಿ ಅದ್ದಿ ತೆಗೆದ ದಿನಗಳೂ ಇದ್ದವು. ಗಂಡ ಗುಳಿಗೆ ಹಿಡಿದು ಬಂದಾಗ ಅವಳು ಡಾಕ್ಟರ ಮಾತನ್ನು ಅವನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಹೇಳೋಣ ಎಂದುಕೊಂಡಳು. ಬಸ್ಸಿನಲ್ಲಿಯೂ ಹೇಳಲಿಲ್ಲ.

ಮನೆಯಲ್ಲಿ ಕಾಶೀಂಬಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮಗ ಸುದ್ದಿ ಹೇಳಿದ. ಅವಳ ಕೈ ಮೊರದಲ್ಲಿಯೇ ನಿಂತಿತು.

"ತೋಬಾ ತೋಬಾ. ಐದೂ ಹೊತ್ತು ನಮಾಜ ಮಾಡೂ ಮನ್ಯಾಗ ಆ ಹುಳ ಎಲ್ಲಿಂದ ಬಂತು?" ಸೊಸೆಯ ಕಡೆ ತಿರುಗಿದಳು. "ಅಡಗಿ ಮಾಡಾಕಿ ನೀ. ಹೇಳು, ಎಲ್ಲಿಂದ ಬಂತು?"

ಹೊರಗೆ ಆಶಿಕ ಮಶೀನು ನಿಲ್ಲಿಸಿ ಒಳಗೆ ಬರುತ್ತಿದ್ದ. ಮೈಮೇಲೆಲ್ಲ ಅರಳೆ.

"ನಾ ಒಬ್ಬಾಕಿನ ಅಡಗಿ ಮಾಡ್ತೀನೇನ್ರಿ ಅತ್ತಿ?" ಎಂದಳು ಸೈರಾಬಾನು. "ಗೋವಾದಾಗ ಆ ಹೋಟೆಲಿನ್ಯಾಗ ಏನೇನ ಬೇಯಸ್ತಾರೋ, ಯಾರಿಗೆ ಗೊತ್ತು. ಅದ ಕೈಲೆ ಹುಡುಗಿಗೆ ತುತ್ತು ಹಾಕ್ಯಾನ."

ನಿಜಾಮುದ್ದೀನ ತಮ್ಮನನ್ನು ನೋಡಿ ಕೇಳಿದ: "ಖರೇ ಹೇಳು ಆಶಿಕ. ಅಲ್ಲೆ ಅದನ್ನ ಬೇಯಸ್ತಿದ್ರೇನು?"

"ಬೇಯಸ್ತಿದ್ರು. ಹೋಟೆಲು ನಂದಲ್ಲ."

"ನೀ ಮುಟ್ಟೀಯೇನು?"

ಆಶಿಕ ಸುಳ್ಳು ಹೇಳಬಹುದಿತ್ತು. "ಪಾತ್ರಿ ತೊಳದೇನಿ ಅಣ್ಣ. ಮೊದಲ ಎರಡು ವರ್ಷ ನನಗ ಪಾತ್ರೀದ ಕೆಲಸ ಇತ್ತು. ತಿಂದಿಲ್ಲ. ಅಲ್ಲಾನ ಆಣಿ, ಬಾಯಿಗೆ ಇಟ್ಟಿಲ್ಲ."

"ಮುಟ್ಟಿದಾಂವ ತಿನ್ನಲಿಲ್ಲ ಅಂದ್ರ ಯಾರು ನಂಬಬೇಕು?" ಎಂದಳು ಕಾಶೀಂಬಿ. ಅಂದು ಸಂಜೆಯಿಂದ ಅವನ ತಾಟು, ವಾಟಿ ಬೇರೆಯಾದವು. ಅವನ ಹಾಸಿಗೆ ಅಂಗಡಿಗೆ ಹೋಯಿತು. ಸಿಮ್ರಾನ ಕಾಕಾನ ಹತ್ತಿರ ಹೋಗಬಾರದೆಂದು ಅಜ್ಜಿ ತಾಕೀತು ಮಾಡಿದಳು. ಹುಡುಗಿ ಬಾಗಿಲಲ್ಲಿ ನಿಂತು ಅಲ್ಲಿಂದಲೇ ಅವನ ಜೊತೆ ಮಾತಾಡುತ್ತಿದ್ದಳು.

ಇದು ಮನೆಯೊಳಗೇ ಇದ್ದಿದ್ದರೆ ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಮೂರನೆಯ ದಿನ ಮಗ್ಗುಲಮನೆಯ ಮುಮತಾಜಬಿ ಹಿಟ್ಟಿನ ಜರಡಿ ಕೇಳಲು ಬಂದಳು. ಸೈರಾಬಾನು ಹಿತ್ತಲಲ್ಲಿ ಮೆಂತ್ಯ ತೊಳೆಯುತ್ತಿದ್ದಳು. ಒಂದು ನೀರು, ಎರಡು ನೀರು, ಮೂರನೆಯ ನೀರು.

"ಏನವಾ, ಸೊಪ್ಪಿನ ಬಣ್ಣ ಬಿಡಸ್ತೀಯೇನು?" ಎಂದು ಮುಮತಾಜಬಿ ನಕ್ಕಳು. "ಸಿಮ್ರಾನಗ ಏನಂದ್ರು ಗದಗಿನ್ಯಾಗ?"

ಸೈರಾಬಾನುವಿನ ಕೈ ಬೋಗುಣಿಯೊಳಗಿತ್ತು. ಹುಳ ಅಂದಳು. ಎಂಥ ಹುಳ ಎಂದು ಮುಮತಾಜಬಿ ಕೇಳಿದಳು. ಅದನ್ನೂ ಹೇಳಿದಳು. ಹೇಳಿದ ಮೇಲೆ ಮುಮತಾಜಬಿಯ ಕಣ್ಣು ಅರಳಿದ್ದು ನೋಡಿ, ಬೇಗಬೇಗ ಗೋವಾದ ಮಾತನ್ನೂ ಸೇರಿಸಿದಳು. "ಯಾರ ಮುಂದೂ ಅನಬ್ಯಾಡಕ್ಕಾ" ಎಂದಳು. ಮುಮತಾಜಬಿಯ ತಂಗಿಯನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಅದು ಸೈರಾಬಾನುವಿಗೆ ಗೊತ್ತಿತ್ತು.

ಹನ್ನೆರಡನೆಯ ದಿನ ಮೋದಿನಸಾಬ ರೋಣದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಬಂದಿಳಿದ. ಕೈಯಲ್ಲಿ ಬಟ್ಟೆಯ ಗಂಟು. ಚಹಾ ಕೊಟ್ಟರು, ಕುಡಿದ. ಗಂಟು ಬಿಚ್ಚಿ, ನಿಶ್ಚಯದಲ್ಲಿ ಇವರು ಕೊಟ್ಟ ಸೀರೆ, ಉಂಗುರ ಚಾಪೆಯ ಮೇಲೆ ಇಟ್ಟ.

"ನಾ ಜಗಳಕ್ಕ ಬಂದಿಲ್ಲ ನಿಜಾಮುದ್ದೀನಭಾಯಿ" ಎಂದ. "ಖರೇನೋ ಸುಳ್ಳೋ ನನಗ ಬ್ಯಾಡ. ನಮ್ಮ ಜಮಾತಿನ ಮಂದಿ ಅಂಗಡಿಗೆ ಬಂದು ಕೇಳಾಕ ಹತ್ಯಾರ. ಹೆಣ್ಣಹುಡುಗಿ ಕಿವಿಗೆ ಬಿತ್ತು, ಆಕಿ ಉಣ್ಣೂದ ಬಿಟ್ಲು."

ಆಶಿಕ ಅಂಗಡಿಯಲ್ಲಿ ದಬ್ಬಳ ಹಿಡಿದು ಗಾದಿಯ ಅಂಚು ಹೊಲಿಯುತ್ತಿದ್ದ, ಎಲ್ಲ ಕೇಳಿಸುತ್ತಿತ್ತು. ಮೋದಿನಸಾಬ ಹೋಗುವಾಗ ಅವನ ಮುಂದೆ ಒಂದು ಗಳಿಗೆ ನಿಂತ. ಆಶಿಕ ತಲೆಯೆತ್ತಲಿಲ್ಲ. ಸಲಾಂ ಹೇಳಿದ, ಸೂಜಿ ಎಳೆದ.

ಮರುದಿನ ಬೆಳಿಗ್ಗೆ ಅವನು ಟ್ರಂಕು ಹೊರಗಿಟ್ಟ. "ಎಲ್ಲಿಗೆ?" ಎಂದು ಅಣ್ಣ ಕೇಳಿದ.

"ಮತ್ತೆಲ್ಲಿಗೆ, ಪಾತ್ರಿ ತೊಳಿಯೂ ಊರಿಗೆ."

ಕಾಶೀಂಬಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಬರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. ಸಿಮ್ರಾನ ಅತ್ತಳು. ಅತ್ತದ್ದಕ್ಕೋ ಏನೋ, ಮಧ್ಯಾಹ್ನ ಅವಳಿಗೆ ಮತ್ತೆ ಮೂರ್ಛೆ ಬಂತು.

ಹುಳದ ಗುಳಿಗೆ ಒಂದು ತಿಂಗಳು ನಡೆಯಿತು. ಮೂರ್ಛೆಗೆಂದು ಕೊಟ್ಟ ಗುಳಿಗೆ ಬೇರೆ. ಮೂರ್ಛೆ ಕಮ್ಮಿಯಾಗುವ ಬದಲು ಹೆಚ್ಚಾಯಿತು. ಮೊದಲು ವಾರಕ್ಕೊಂದು, ಆಮೇಲೆ ಎರಡು. ಕೈ ಸೆಟೆಯುವುದಂತೂ ದಿನಾ. ಹೆಬ್ಬೆರಳು ಅಂಗೈಯೊಳಗೆ ಮಡಚಿ, ಬೆರಳೆಲ್ಲ ನೆಟ್ಟಗೆ ಒಂದಕ್ಕೊಂದು ಅಂಟಿ ನಿಲ್ಲುತ್ತಿದ್ದವು. ಬಾಯಿಯ ಸುತ್ತ ಇರುವೆ ಹರಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಶಾಲೆಯವರು, "ಗುಣ ಆದ ಮ್ಯಾಲೆ ಕಳಸ್ರಿ" ಎಂದರು. ಗದಗಿನ ಡಾಕ್ಟರೇ ಕೊನೆಗೆ, "ನನಗೂ ಬಗಿಹರೀವಲ್ದು, ಹುಬ್ಬಳ್ಳ್ಯಾಗ ಮಕ್ಕಳ ಮೆದುಳಿನ ಡಾಕ್ಟರ ಅದಾರ, ಅವರಿಗೆ ತೋರಸ್ರಿ" ಎಂದು ಕಾಗದ ಕೊಟ್ಟರು.

ಹುಬ್ಬಳ್ಳಿಯ ಡಾಕ್ಟರು ನಲವತ್ತೈದರ ಹೆಣ್ಣುಮಗಳು. ಸ್ಕ್ಯಾನಿನ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಹುಳ ಅಂತ ಅಂದ್ರಾ?"

"ಹೌದ್ರಿ" ಎಂದ ನಿಜಾಮುದ್ದೀನ, ನೆಲ ನೋಡುತ್ತ.

"ಅವರು ಅಂದದ್ದು ತಪ್ಪು ಅನ್ಲಿಕ್ಕೆ ಬರೂದಿಲ್ಲ. ಈ ಕಡೆ ಅದ ಹೆಚ್ಚು. ಆದ್ರ ಇಲ್ಲಿ ನೋಡ್ರಿ. ಎಡಕ್ಕ ಒಂದು, ಬಲಕ್ಕ ಒಂದು. ಎರಡೂ ಒಂದ ಅಳತಿ, ಒಂದ ಜಾಗಾ, ನಡುಮಧ್ಯ ಆಳದಾಗ. ಹುಳ ಬಂದು ಹಿಂಗ ಜೋಡಿ ನೋಡಿ ಕೂಡ್ತದೇನು? ಅದು ಎಲ್ಲಿ ಬೇಕಲ್ಲಿ ಕೂಡ್ತದ. ಇದು ರಕ್ತದಾಗಿನ ಏರುಪೇರಿನ ಕೆಲಸ."

ಅವರು ಸಿಮ್ರಾನಳನ್ನು ಹತ್ತಿರ ಕರೆದು, ಕಿವಿಯ ಮುಂದೆ ಕೆನ್ನೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ತಟ್ಟಿದಾಗೊಮ್ಮೆ ಹುಡುಗಿಯ ತುಟಿಯ ಮೂಲೆ ಎಳೆದುಕೊಂಡಿತು. ಆಮೇಲೆ ಬೀಪಿ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಗಾಳಿ ತುಂಬಿ ಬಿಗಿಯಾಗಿ ಇಟ್ಟರು. ಮೂರು ನಿಮಿಷದೊಳಗೆ ಸಿಮ್ರಾನಳ ಕೈ, ಮನೆಯಲ್ಲಿ ಆಗುತ್ತಿದ್ದ ಹಾಗೆಯೇ ಮಡಚಿಕೊಂಡಿತು.

"ಹಿಂಗ, ಹಿಂಗ ಆಗ್ತಿತ್ರಿ" ಎಂದಳು ಸೈರಾಬಾನು.

"ಯಾರಾದ್ರೂ ಈಕಿ ರಕ್ತದಾಗಿನ ಕ್ಯಾಲ್ಸಿಯಂ ನೋಡ್ಯಾರೇನು?" ಯಾರೂ ನೋಡಿರಲಿಲ್ಲ.

ರಕ್ತ ಕೊಟ್ಟು ಬಂದರು. ಎಲ್ಲ ವರದಿ ಬರಲು ನಾಲ್ಕು ದಿನ ಹಿಡಿಯಿತು. ಮತ್ತೆ ಹೋದಾಗ ನಿಜಾಮುದ್ದೀನ ವರದಿ ತರಲು ಕೆಳಗಿನ ಸಾಲಿನಲ್ಲಿ ನಿಂತಿದ್ದ. ಡಾಕ್ಟರಿಗೆ ಫೋನಿನಲ್ಲಿ ಆಗಲೇ ಗೊತ್ತಾಗಿತ್ತು. ಅವರು ಸಿಮ್ರಾನಳಿಗೆ ಮುಷ್ಟಿ ಹಿಡಿ ಎಂದರು. ಗಿಣ್ಣುಗಳ ಸಾಲಿನಲ್ಲಿ ಕಿರುಬೆರಳಿನ ಪಕ್ಕದ ಗಿಣ್ಣು ಎದ್ದಿರಲಿಲ್ಲ. ಆ ಜಾಗದಲ್ಲಿ ಕುಳಿ ಬಿದ್ದಿತ್ತು.

"ನೀವೂ ಹಿಡೀರಿ" ಎಂದರು ಸೈರಾಬಾನುವಿಗೆ.

ಅವಳು ಹಿಡಿದಳು. ಅವಳ ಕೈಯಲ್ಲಿಯೂ ಅಲ್ಲಿಯೇ ಕುಳಿ.

"ನಿಮ್ಮ ತವರಮನ್ಯಾಗ ಇನ್ನ ಯಾರದಾದ್ರೂ ಹಿಂಗ ಅದ ಏನು? ಗಿಡ್ಡ, ದುಂಡು ಮುಖ, ಮೋಟು ಬೆರಳು?"

"ನಮ್ಮಪ್ಪಂದು ಇತ್ರಿ. ಊರಾಗ ಗುಜ್ಜಪ್ಪ ಅಂತಿದ್ರು. ಅವಂಗ ಮೂರ್ಛಿ ಏನೂ ಇರಲಿಲ್ಲ, ನನಗೂ ಇಲ್ಲ."

"ಇರೂದಿಲ್ಲ. ಕುತ್ತಿಗಿಯೊಳಗ ಸಣ್ಣ ಗ್ರಂಥಿ ಇರ್ತಾವ. ರಕ್ತದಾಗ ಸುಣ್ಣದ ಅಂಶ ಎಷ್ಟಿರಬೇಕು ಅಂತ ಅವು ಹೇಳ್ತಾವ. ಈಕಿ ಮೈ ಅವುಗಳ ಮಾತು ಕೇಳವಲ್ದು. ರಕ್ತದಾಗ ಕಮ್ಮಿ ಆಗಿ ಮೂರ್ಛಿ ಬರ್ತದ, ಮೆದುಳಿನಾಗ ಸುಣ್ಣ ಹೋಗಿ ಕೂಡ್ತದ. ಇದು ಅಪ್ಪನಿಂದ ಮಗಳಿಗೆ ಬಂದ್ರ ಬರೇ ಬೆರಳಿನಾಗ ಕಾಣ್ತದ. ತಾಯಿಯಿಂದ ಬಂದ ಮಕ್ಕಳಿಗೆ ಇಷ್ಟಾಗ್ತದ."

"ಅಂದ್ರ ಇದು ನನ್ನಿಂದ ಬಂದದ್ದು."

"ನಿಮ್ಮ ರಕ್ತದಿಂದ ಬಂದದ್ದು. ನೀವು ಮಾಡಿದ್ದಲ್ಲ. ಕ್ಯಾಲ್ಸಿಯಂ ಗುಳಗಿ, ವಿಟಮಿನ್ ಡಿ ಗುಳಗಿ ದಿನಾ ಕೊಟ್ರ ಮೂರ್ಛಿ ನಿಂದರ್ತದ. ಕೂತ ಸುಣ್ಣ ಹೋಗೂದಿಲ್ಲ, ಮುಂದ ಹೆಚ್ಚಾಗದಂಗ ನೋಡ್ಕೋಬೇಕು. ಸಣ್ಣ ಹುಡುಗಂದೂ ಒಮ್ಮೆ ರಕ್ತ ನೋಡೂಣು."

ನಿಜಾಮುದ್ದೀನ ವರದಿ ಹಿಡಿದು ಬಂದ. ಹುಳವಲ್ಲ, ಕ್ಯಾಲ್ಸಿಯಂ ಕಮ್ಮಿ ಎಂದು ಡಾಕ್ಟರು ಅವನಿಗೆ ಚಿಕ್ಕದಾಗಿ ಹೇಳಿದರು. ಕೈ ವಿಷಯ ಅವರು ಎತ್ತಲಿಲ್ಲ, ಸೈರಾಬಾನುವಿನ ಮುಖ ಒಮ್ಮೆ ನೋಡಿದರು ಅಷ್ಟೇ. ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದಳು.

ಹತ್ತು ದಿನ ಸಿಮ್ರಾನಳಿಗೆ ಮೂರ್ಛೆ ಬರಲಿಲ್ಲ. ಕೈ ಸೆಟೆಯುವುದು ನಿಂತಿತು. ಕಾಶೀಂಬಿ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದಳು. ಆದರೆ ಮನೆಯಲ್ಲಿ ಯಾರೂ ಆಶಿಕನ ಹೆಸರು ಎತ್ತಲಿಲ್ಲ. ಅವನ ತಾಟು ಹಿತ್ತಲ ಗೂಡಿನಲ್ಲಿ ಹಾಗೇ ಇತ್ತು. ಹನ್ನೊಂದನೆಯ ದಿನ ಮಧ್ಯಾಹ್ನ ಉಣ್ಣುವಾಗ ಸೈರಾಬಾನು ತಾನಾಗಿ ಮಾತು ತೆಗೆದಳು.

"ಹುಳ ಅಲ್ಲಂದ ಮ್ಯಾಲೆ ಆಶಿಕಂದು ಏನೂ ತಪ್ಪಿಲ್ಲಲ್ರಿ."

ನಿಜಾಮುದ್ದೀನ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ.

"ಬ್ಯಾನಿ ನನ್ನಿಂದ ಬಂದೈತಂತ" ಎಂದು ಅವಳು ಮುಷ್ಟಿ ಹಿಡಿದು ಇಬ್ಬರ ಮುಂದೆ ಇಟ್ಟಳು. ಡಾಕ್ಟರು ಹೇಳಿದ್ದನ್ನು ಹೇಳಿದಳು.

ಕಾಶೀಂಬಿ ಸೊಸೆಯ ಕೈಯನ್ನು ನೋಡಿದಳು. ಬೈಗುಳಕ್ಕೆ ಸೈರಾಬಾನು ತಯಾರಾಗಿದ್ದಳು. "ನಿಮ್ಮಪ್ಪನ ಕೈ ನಾ ನಿಶ್ಚೇದ ದಿನಾನ ನೋಡಿದ್ದೆ" ಎಂದಳು ಕಾಶೀಂಬಿ. "ಆಗ ನಕ್ಕಿದ್ವಿ." ಆಮೇಲೆ, "ನೀ ಬರೇ ಹೆಸರ ಹೇಳಿದಿ. ಮಗನ ತಾಟು ಬ್ಯಾರೆ ಇಟ್ಟಾಕಿ ನಾ" ಎಂದಳು.

"ಗಜೇಂದ್ರಗಡಕ್ಕ ಹೋಗಿ ಹೇಳಿ ಬರೂಣು" ಎಂದಳು ಸೈರಾಬಾನು.

"ಏನಂತ ಹೇಳ್ತಿ?" ನಿಜಾಮುದ್ದೀನನ ದನಿ ಏರಿತು. "ನಮ್ಮ ಹುಡುಗಿಗೆ ರಕ್ತದಾಗ ಬ್ಯಾನಿ ಐತಿ, ತಾಯಿಂದ ಮಗಳಿಗೆ ಬರ್ತೈತಿ ಅಂತ ಹೇಳ್ತೀಯೇನು? ನಾಳಿ ಸಿಮ್ರಾನನ್ನ ಯಾರು ಮಾಡ್ಕೋತಾರ?"

"ಹೇಳದಿದ್ರ ಅವಂಗ್ಯಾರು ಹೆಣ್ಣು ಕೊಡ್ತಾರ?"

"ಅಂವ ಗಂಡಸು. ವರ್ಷದಾಗ ಮಂದಿ ಮರೀತಾರ. ಹೆಣ್ಣಮಕ್ಕಳ ಮ್ಯಾಲಿನ ಮಾತು ಮರೀತಾರೇನು? ಅವ್ವಾ, ನೀ ಹೇಳು."

ಕಾಶೀಂಬಿ ತಾಟು ಹಿಂದೆ ಸರಿಸಿ, "ಸಿಮ್ರಾನಂದೂ ನೋಡಬೇಕಲ್ಲವಾ" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಅಂದು ಆ ಮನೆಯಲ್ಲಿ ಮೂವರ ತಾಟಿನಲ್ಲಿಯೂ ಅನ್ನ ಉಳಿಯಿತು.

ನಾಲ್ಕು ದಿನದ ಮೇಲೆ ಸೈರಾಬಾನು ತವರಿಗೆ ಹೋಗಿಬರುತ್ತೇನೆಂದು ಹೇಳಿ ರೋಣದ ಬಸ್ಸು ಹತ್ತಿದಳು. ಯಾವಗಲ್ಲಿನಲ್ಲಿ ಇಳಿಯಲಿಲ್ಲ. ರೋಣದಲ್ಲಿ ಬಸ್ಸು ಬದಲಿಸಿ, ಬಿಸಿಲೇರುವ ಹೊತ್ತಿಗೆ ಗಜೇಂದ್ರಗಡದ ಬಳೆ ಅಂಗಡಿಯ ಮುಂದೆ ನಿಂತಳು. ಮೋದಿನಸಾಬ ಒಬ್ಬ ಮುದುಕಿಯ ಕೈಗೆ ಬಳೆ ಏರಿಸುತ್ತಿದ್ದ. ಇವಳನ್ನು ನೋಡಿ, "ಬರ್ರಿ, ಒಳಗ ಕುಂದರ್ರಿ" ಎಂದ.

ಅವಳು ಕೂಡಲಿಲ್ಲ. ಮುದುಕಿ ಹೋಗುವವರೆಗೆ ಕಾದು, ನಿಂತೇ ಎಲ್ಲ ಹೇಳಿದಳು. ಹುಳವಲ್ಲ. ಆಶಿಕನದು ಏನೂ ಇಲ್ಲ. ಬೇನೆ ತನ್ನ ರಕ್ತದಿಂದ ಬಂದದ್ದು. ಮುಮತಾಜಬಿಯ ಕಿವಿಗೆ ಹಾಕಿದವಳೂ ತಾನೇ.

ಮೋದಿನಸಾಬ ಬಳೆಯ ಕಟ್ಟು ಒಂದೊಂದೇ ತೆಗೆದು ಗೂಡಿನಲ್ಲಿಟ್ಟ. "ಜೈತುನಬಿದು ಹೋದ ಆಯಿತವಾರ ಕೊಪ್ಪಳದ ಕಡಿ ಗಟ್ಟಿ ಆತು ತಂಗಿ" ಎಂದ. "ಹುಡುಗಿ ಒಪ್ಪಲಿಲ್ಲ, ನಾನ ಒಪ್ಪಿಸಿದೆ."

ಸೈರಾಬಾನು ಹೊರಡಲು ತಿರುಗಿದಳು.

"ಆ ದಿನಾ ಅಂವ ನನಗ ಸಲಾಂ ಹೇಳಿದ. ಮಾರಿ ಎತ್ತಲಿಲ್ಲ" ಎಂದ ಮೋದಿನಸಾಬ. "ನಾ ಕೇಳಬೇಕಾಗಿತ್ತು. ಏನಪಾ, ಖರೇ ಏನು ಅಂತ ಅವನ್ನ ಒಂದ ಮಾತು ಕೇಳಬೇಕಾಗಿತ್ತು. ಅವ್ನ ಮುಂದ ನಿಂತಿದ್ದೆ ನೋಡ್ರಿ. ನೀವು ಬಂದು ಹೇಳಿದ್ದು ಚಲೋ ಆತು, ಜಮಾತಿನ್ಯಾಗ ನಾ ಹೇಳ್ತೀನಿ. ನಿಮ್ಮ ಹುಡುಗಿ ಮಾತು ನನ್ನ ಬಾಯಾಗಿಂದ ಹೊರಗ ಹೋಗೂದಿಲ್ಲ."

ಸಂಜೆ ಮನೆಗೆ ಬಂದು ಗಂಡನಿಗೆ ಎಲ್ಲಿಗೆ ಹೋಗಿದ್ದೆ ಎಂದು ಹೇಳಿದಳು. ಅವನು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಗೋವಾಕ್ಕೆ ಫೋನು ಹಚ್ಚಿ ಬಂದ.

"ಏನಂದ?" ಎಂದು ಕಾಶೀಂಬಿ ಬಾಗಿಲಲ್ಲೇ ಕೇಳಿದಳು.

"ಹುಳ ಅಲ್ಲ ಅಂತ ಹೇಳಿದೆ, ಆತು ಅಂದ. ಸಿಮ್ರಾನ ಹ್ಯಾಂಗದಾಳ ಅಂತ ಕೇಳಿದ. ಮನಿಗೆ ಬಾ ಅಂದೆ, ಸುಮ್ಮನಾದ. ಹುಬ್ಬಳ್ಳಿಗೆ ಮತ್ತ ತೋರಸಾಕ ಹೊಕ್ಕೇವಿ ಅಂದೆ. ಅಲ್ಲಿಗೆ ಬರ್ತೀನಿ ಅಂದ."

ಮೇ ತಿಂಗಳ ಮೊದಲ ವಾರ ಅವರು ಹುಬ್ಬಳ್ಳಿಗೆ ಹೋದರು. ನಿಜಾಮುದ್ದೀನ ಅಂಗಡಿ ಬಿಟ್ಟು ಬರಲಿಲ್ಲ. ತಮ್ಮನಿಗೆ ಮುಖ ತೋರಿಸಲಾರದೆ ಉಳಿದನೆಂದು ಇಬ್ಬರು ಹೆಂಗಸರಿಗೂ ಗೊತ್ತಿತ್ತು. ಆಶಿಕ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದ, ಸೊರಗಿದ್ದ. ಸಿಮ್ರಾನ ಓಡಿಹೋಗಿ ಅವನ ಸೊಂಟ ಹಿಡಿದಳು. ಅವನು ತಾಯಿಗೆ ಸಲಾಂ ಹೇಳಿದ, ಅತ್ತಿಗೆಗೂ ಹೇಳಿದ, ಅಲ್ತಮಶನನ್ನು ಎತ್ತಿಕೊಂಡು ಮುಂದೆ ನಡೆದ.

ಡಾಕ್ಟರು ಸಿಮ್ರಾನಳ ಕೆನ್ನೆ ತಟ್ಟಿ ನೋಡಿದರು, ತುಟಿ ಅಲುಗಲಿಲ್ಲ. ಅಲ್ತಮಶನ ಮುಷ್ಟಿಯಲ್ಲಿ ನಾಲ್ಕೂ ಗಿಣ್ಣು ಸಾಲಾಗಿ ಎದ್ದಿದ್ದವು, ಸಂಜೆ ಬಂದ ವರದಿಯೂ ಸರಿಯಿತ್ತು. ಅಷ್ಟರೊಳಗೆ ಕಾಶೀಂಬಿ ಆಸ್ಪತ್ರೆಯ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದಳು. ಮಗನ ಪಕ್ಕದಲ್ಲಿ ಕೂತು ತನ್ನ ಕೈಯಿಂದಲೇ ಅವನಿಗೆ ಕಲಸಿದ ಅನ್ನ ಹಾಕಿದಳು. "ಇನ್ನೊಂದಿಷ್ಟು" ಎಂದಳು. ಅವನು ಹಾಕಿದ್ದನ್ನೆಲ್ಲ ಉಂಡ.

ಬಸ್ ಸ್ಟ್ಯಾಂಡಿನಲ್ಲಿ ಗೋವಾದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಶೀಂಬಿ ಮಕ್ಕಳನ್ನು ಹಿಡಿದು ಬೆಂಚಿನ ಮೇಲೆ ಕೂತಳು. ಸೈರಾಬಾನು ಆಶಿಕನ ಹಿಂದೆ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಳು. ಗಂಡನಿಗೂ ಅತ್ತೆಗೂ ಮೋದಿನಸಾಬನಿಗೂ ಹೇಳದೆ ಉಳಿಸಿಕೊಂಡ ಒಂದು ಮಾತು ಅವಳಲ್ಲಿತ್ತು.

"ಗದಗಿನ ಡಾಕ್ಟರ ಆವತ್ತ ಇನ್ನೊಂದು ಹೇಳಿದ್ರು" ಎಂದಳು. "ತಿನ್ನಬೇಕಂತಿಲ್ಲ, ತೊಳೀದ ಸೊಪ್ಪಿನಿಂದ ಯಾರಿಗಾದ್ರೂ ಬರ್ತೈತಿ, ಯಾರ ಹೆಸರೂ ಹೇಳಾಕ ಬರೂದಿಲ್ಲ ಅಂತ. ನಾ ಒಬ್ಬಾಕಿನ ಅದನ್ನ ಕೇಳಿಸ್ಕೊಂಡಿದ್ದೆ. ಮನ್ಯಾಗ ಅದನ್ನ ಹೇಳಲಿಲ್ಲ. ನಿನ್ನ ಮ್ಯಾಲೆ ಹಾಕಿದೆ."

ಆಶಿಕ ಬಸ್ಸುಗಳ ಕಡೆ ನೋಡುತ್ತಿದ್ದ.

"ಗೊತ್ತೈತ್ರಿ ಭಾಬಿ" ಎಂದ.

"ಹ್ಯಾಂಗ?"

"ಊರ ಬಿಟ್ಟ ದಿನಾ ಸೀದಾ ಗೋವಾಕ್ಕ ಹೋಗಲಿಲ್ಲ. ಗದಗಿಗೆ ಹೋಗಿ ಆ ಡಾಕ್ಟರನ್ನ ಕೇಳಿದೆ. ನಾ ಪಾತ್ರಿ ತೊಳದದ್ದಕ್ಕ ಹುಡುಗಿಗೆ ಹಿಂಗ ಆಗಿರಬಹುದೇನ್ರಿ ಅಂತ. ನನಗೂ ಅಂಜಿಕಿ ಇತ್ತು. ಅವರು ನಿಮಗ ಹೇಳಿದ್ದನ್ನ ನನಗೂ ಹೇಳಿದ್ರು. ಹುಡುಗಿ ತಾಯಿಗೆ ಎಲ್ಲಾ ಹೇಳೀನಲ್ಲಪಾ ಅಂದ್ರು."

ಸೈರಾಬಾನು ಅವನ ಮುಂದೆ ಬಂದು ನಿಂತಳು. "ಮತ್ತ ಯಾಕ ಒಂದ ಫೋನ ಹಚ್ಚಲಿಲ್ಲ? ಅಣ್ಣಗ ಹೇಳಬೇಕಾಗಿತ್ತು."

"ಹೇಳಿದ್ರ ಅವ್ವ ನಿಮ್ಮನ್ನ ಯಾವಗಲ್ಲಿಗೆ ಕಳಸ್ತಿದ್ಲು. ಹುಡುಗಿಗೆ ಹೊತ್ತಿಗೆ ಸರಿಯಾಗಿ ಗುಳಗಿ ಯಾರು ಕೊಡಬೇಕಿತ್ರಿ? ನಂದೇನು, ಒಬ್ಬ ಇದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ದಣಿದವನ ಹಾಗೆ ಹೇಳಿದ. "ಮನಿಗೆ ಬಾ ಅಂತ ಮಾತ್ರ ಈಗ ಅನಬ್ಯಾಡ್ರಿ."

ಬಸ್ಸು ಬಂತು. ಅವನು ಮಕ್ಕಳ ತಲೆ ಮುಟ್ಟಿ, ತಾಯಿಯ ಕೈ ಹಿಡಿದು ಬಿಟ್ಟು, ಹತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕಾಶೀಂಬಿ ನಿಂತಿದ್ದಳು.

"ಏನಂದ ಅಂವ?" ಎಂದು ಸೊಸೆಯನ್ನು ಕೇಳಿದಳು.

ಸೈರಾಬಾನು ಹೇಳಿದಳು. ಸೊಪ್ಪಿನ ಮಾತು, ತಾನು ಮುಚ್ಚಿಟ್ಟದ್ದು, ಅವನು ತಿಳಿದೂ ಸುಮ್ಮನಿದ್ದದ್ದು, ಒಂದನ್ನೂ ಬಿಡದೆ ಹೇಳಿದಳು. ಕಾಶೀಂಬಿ ಪೂರ್ತಿ ಕೇಳಿಸಿಕೊಂಡಳು. ಬಯ್ಯಲಿಲ್ಲ. ಬುತ್ತಿಯ ಚೀಲ ತೆಗೆದುಕೊಂಡು, ಇಬ್ಬರೂ ಮಕ್ಕಳ ಕೈ ಹಿಡಿದು ನರಗುಂದದ ಬಸ್ಸು ಹತ್ತಿ ಮುಂದೆ ಕಿಟಕಿಯ ಪಕ್ಕ ಕೂತಳು.

ಸೈರಾಬಾನು ಕೊನೆಗೆ ಹತ್ತಿದಳು. ಬಸ್ಸು ಅರ್ಧ ಖಾಲಿಯಿತ್ತು. "ಕುಂದರವಾ, ಸೀಟ ಅದಾವ" ಎಂದು ಕಂಡಕ್ಟರ ಎರಡು ಸಲ ಹೇಳಿದ. ಅವಳು ಕಂಬಿ ಹಿಡಿದು ನರಗುಂದದವರೆಗೂ ನಿಂತೇ ಬಂದಳು.